ಪಾಸಾದರಷ್ಟೇ ಸಾಲದು

1963ರ ಮೇ ತಿಂಗಳಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವರ್ಣಭೇದದ ವಿರುದ್ಧ ಶಾಲಾಮಕ್ಕಳೇ ಬೀದಿಗಿಳಿದರು. ಬಂಧನಕ್ಕೊಳಗಾದ ಮಕ್ಕಳಲ್ಲಿ 12 ವರ್ಷದ ಫ್ರೀಮನ್ ಹ್ರಬಾವ್ಸ್ಕಿಯೂ ಇದ್ದ. ಗಣಿತವೆಂದರೆ ಪ್ರಾಣ ಬಿಡುತ್ತಿದ್ದ ಈ ಹುಡುಗ ಐದು ದಿನ ಸೆರೆಯಲ್ಲಿ ಕಳೆದ. ಬಿಳಿಯರ ಮಕ್ಕಳಿಗೆ ಸಿಗುವಂಥ ಶಿಕ್ಷಣ ತನಗೂ ಸಿಗಬೇಕೆಂಬ ಆಸೆಯೇ ಅವನನ್ನು ಮೆರವಣಿಗೆಗೆ ಕರೆದೊಯ್ದಿತ್ತು. ಮುಂದೆ 19ಕ್ಕೆ ಗಣಿತದ ಪದವಿ, 24ಕ್ಕೆ ಪಿಎಚ್‌ಡಿ ಪಡೆದ ಹ್ರಬಾವ್ಸ್ಕಿ 1987ರಲ್ಲಿ ಬಾಲ್ಟಿಮೋರ್ ಹೊರವಲಯದಲ್ಲಿರುವ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಶಾಖೆಯಾದ ಯುಎಂಬಿಸಿಯನ್ನು ಸೇರಿದರು. ವಿಜ್ಞಾನ ಓದಲು ಬಂದ ಕಪ್ಪು ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಆರಂಭದ ತರಗತಿಗಳಲ್ಲೇ ಸೋತು ಬೇರೆ ವಿಷಯಕ್ಕೆ ಸರಿಯುತ್ತಿದ್ದುದನ್ನು ಅಲ್ಲಿ ಕಂಡರು. 1988ರಲ್ಲಿ ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿ ಕೊಟ್ಟ ದೇಣಿಗೆಯಿಂದ ಮೇಯರ್‌ಹಾಫ್ ವಿದ್ಯಾರ್ಥಿ ಯೋಜನೆ ಹುಟ್ಟಿತು. ಮರುವರ್ಷ ಬಂದ ಮೊದಲ ತಂಡದಲ್ಲಿದ್ದವರು 19 ಕಪ್ಪು ತರುಣರು. 1990ರಲ್ಲಿ ಹೆಣ್ಣುಮಕ್ಕಳೂ, 1996ರಿಂದ ಎಲ್ಲ ಸಮುದಾಯದವರೂ ಸೇರತೊಡಗಿದರು.

ಶುಲ್ಕ ಕಟ್ಟಿ, ಹಿಂದುಳಿದವರಿಗೆ ವಿಶೇಷ ತರಗತಿ ನಡೆಸಿ, ಹೇಗಾದರೂ ಪಾಸು ಮಾಡಿಸುವುದನ್ನೇ ನಾವು ನೆರವು ಎಂದುಕೊಂಡಿದ್ದೇವೆ. ಈ ಯೋಜನೆಯ ಗುರಿ ಅದಕ್ಕಿಂತ ಎತ್ತರದ್ದು: ಪದವಿಯ ನಂತರ ಪಿಎಚ್‌ಡಿ. ಕಾಲೇಜು ಆರಂಭವಾಗುವ ಮೊದಲೇ ಬೇಸಿಗೆಯಲ್ಲಿ ಆರು ವಾರಗಳ ತಯಾರಿ ಶಿಬಿರ ನಡೆಯುತ್ತದೆ. ಮೊದಲ ವರ್ಷ ತಂಡದವರೆಲ್ಲ ಒಂದೇ ವಸತಿಗೃಹದಲ್ಲಿ ಇರುತ್ತಾರೆ, ಕೂಡಿ ಓದುತ್ತಾರೆ. ಬುನಾದಿ ವಿಷಯದಲ್ಲಿ ‘ಸಿ’ ದರ್ಜೆ ಬಂದರೆ, ಪಾಸಾಗಿದ್ದರೂ ಆ ಕೋರ್ಸನ್ನು ಮತ್ತೊಮ್ಮೆ ಓದುವಂತೆ ಪ್ರೋತ್ಸಾಹಿಸುತ್ತಾರೆ. ಬುನಾದಿ ಸಡಿಲವಾಗಿದ್ದರೆ ಮುಂದಿನ ತರಗತಿಗಳಲ್ಲಿ ಸೋಲು ಕಾದಿರುತ್ತದೆಂಬ ಅರಿವು ಇದರ ಹಿಂದಿದೆ. ಪದವಿ ಓದುವಾಗಲೇ ಪ್ರಯೋಗಾಲಯದಲ್ಲಿ ನಿಜವಾದ ಸಂಶೋಧನೆ ಮಾಡುವ ಅವಕಾಶವೂ ಇದೆ. ಕೂಡಿ ಓದುವುದರ ಬೆಲೆಯನ್ನು 1970ರ ದಶಕದಲ್ಲೇ ಬರ್ಕ್‌ಲಿಯಲ್ಲಿ ಯೂರಿ ಟ್ರೈಸ್‌ಮನ್ ಗುರುತಿಸಿದ್ದರು. ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ. ಅವರು ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಚೆನ್ನಾಗಿ ಓದುತ್ತಿದ್ದ ಚೀನೀ ಮೂಲದವರು ಗುಂಪುಗೂಡಿ ಚರ್ಚಿಸುತ್ತಿದ್ದರು. ಟ್ರೈಸ್‌ಮನ್ ಸುಲಭದ ಪಾಠ ಕೊಡದೆ ಕಠಿಣ ಲೆಕ್ಕಗಳನ್ನೇ ಕೊಟ್ಟು ಕೂಡಿ ಬಿಡಿಸಲು ಹಚ್ಚಿದರು. ಫಲಿತಾಂಶ ಸುಧಾರಿಸಿತು.

ಮೊದಲೇ ಜಾಣರಾದವರನ್ನು ಆರಿಸಿಕೊಂಡರೆ ಗೆಲ್ಲದಿರುತ್ತಾರೆಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಇದೆ. ಇದೇ ಯೋಜನೆಗೆ ಆಯ್ಕೆಯಾಗಿಯೂ ಒಲ್ಲೆನೆಂದು ಬೇರೆ ವಿಶ್ವವಿದ್ಯಾಲಯಗಳಿಗೆ ಹೋದವರೊಂದಿಗೆ ಇಲ್ಲಿ ಓದಿದವರನ್ನು ಹೋಲಿಸಲಾಗಿದೆ. ಎರಡೂ ಕಡೆಯವರು ಒಂದೇ ಜರಡಿಯಲ್ಲಿ ಉಳಿದವರು. ಆದರೂ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಯತ್ತ ಸಾಗುವ ಸಾಧ್ಯತೆ ಇಲ್ಲಿ ಓದಿದವರಲ್ಲಿ ಸುಮಾರು ಐದು ಪಟ್ಟು ಹೆಚ್ಚು. ಮನಸ್ಸಿನ ಒಲವಿನಲ್ಲಿ ವ್ಯತ್ಯಾಸ ಇದ್ದಿರಬಹುದು, ಆದರೆ ಅಷ್ಟರಿಂದಲೇ ಇಷ್ಟು ದೊಡ್ಡ ಅಂತರವನ್ನು ವಿವರಿಸುವುದು ಕಷ್ಟ. ಕೋವಿಡ್‌ಗೆ ಮಾಡರ್ನಾ ಲಸಿಕೆ ರೂಪಿಸುವಲ್ಲಿ ಮುಂಚೂಣಿಯಲ್ಲಿದ್ದ ಕಿಜ್ಮೇಕಿಯಾ ಕಾರ್ಬೆಟ್ ಇದೇ ಯೋಜನೆಯಲ್ಲಿ ಓದಿದವರು. ಇದೆಲ್ಲ ಒಬ್ಬ ವ್ಯಕ್ತಿಯ ವರ್ಚಸ್ಸಿನಿಂದ ನಡೆದದ್ದು ಎಂಬ ಇನ್ನೊಂದು ಆಕ್ಷೇಪವೂ ಉಂಟು. 2013ರಲ್ಲಿ ಪೆನ್ ಸ್ಟೇಟ್ ಮತ್ತು ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಇದೇ ಮಾದರಿಯನ್ನು ಅನುಸರಿಸಿದವು. ಹ್ರಬಾವ್ಸ್ಕಿ ಇಲ್ಲದ ಆ ಎರಡು ಕಡೆಯೂ ಒಳ್ಳೆಯ ಫಲ ಕಂಡಿತು.

30 ವರ್ಷ ಯುಎಂಬಿಸಿಯ ಅಧ್ಯಕ್ಷರಾಗಿದ್ದ ಹ್ರಬಾವ್ಸ್ಕಿ 2022ರಲ್ಲಿ ನಿವೃತ್ತರಾದರು. ಮರುವರ್ಷವೇ ಅಮೆರಿಕದ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ತಡೆ ಹಾಕಿತು. ಇನ್ನು ಮುಂದೆ ಇಂಥ ಮಕ್ಕಳು ಒಳಗೆ ಬರುವ ದಾರಿಯೇ ಕಿರಿದಾದರೆ, ಬಂದವರನ್ನು ಕೈಹಿಡಿದು ಪಿಎಚ್‌ಡಿವರೆಗೆ ನಡೆಸುವ ವಿದ್ಯೆ ಎಷ್ಟು ಪಳಗಿದ್ದರೂ ಎಷ್ಟು ಮಂದಿಗೆ ಒದಗೀತು? ಮೊದಲ ತಂಡ ಕಾಲಿಟ್ಟ 24 ವರ್ಷಗಳ ಮೇಲಷ್ಟೇ ಬೇರೆ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಈ ದಾರಿ ಹಿಡಿದವು. ಆ ನಡುವೆ ಬೇರೆ ಕ್ಯಾಂಪಸ್ಸುಗಳಲ್ಲಿ ಮೊದಲ ವರ್ಷವೇ ವಿಜ್ಞಾನ ಬಿಟ್ಟುಹೋದ ಎಷ್ಟೋ ಪ್ರತಿಭಾವಂತರನ್ನು ಉಳಿಸಿಕೊಳ್ಳುವ ಬಗೆ ಆಗಲೇ ತಿಳಿದಿತ್ತು. ಅವರ ಪಾಲಿಗೆ ಮಾತ್ರ ಅದು ಬರಲೇ ಇಲ್ಲ.