ತೂಕ 'ನಾರ್ಮಲ್', ಹೊಟ್ಟೆ ಅಳೆದು ನೋಡಿದ್ದೀರಾ?

ನಮ್ಮಲ್ಲಿ ಮೈ ತುಂಬಿಕೊಂಡವರನ್ನು ಕಂಡರೆ 'ಮಾಷಾ ಅಲ್ಲಾಹ್, ಒಳ್ಳೆ ಆರೋಗ್ಯ' ಅನ್ನುವುದೇ ರೂಢಿ. ಗಲ್ಫ್‌ನಿಂದ ರಜೆಗೆ ಬಂದ ಮಗ ಸ್ವಲ್ಪ ಸೊರಗಿದ್ದರೆ ಉಮ್ಮನಿಗೆ ನಿದ್ದೆ ಬರುವುದಿಲ್ಲ. ಹೊಟ್ಟೆ ಬಂದಿದ್ದರೆ ಮಾತ್ರ ಯಾರಿಗೂ ಚಿಂತೆಯಿಲ್ಲ. ಅವನೂ ಮೊಬೈಲ್‌ನಲ್ಲಿ ಬಿಎಂಐ ಲೆಕ್ಕ ಹಾಕಿ 'ನಾರ್ಮಲ್' ಅಂತ ತೋರಿಸಿಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು.

ಲೆಕ್ಕ ಸುಲಭ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಭಾಗಿಸಿ. ಬಂದದ್ದನ್ನು ಮತ್ತೊಮ್ಮೆ ಅದೇ ಎತ್ತರದಿಂದ ಭಾಗಿಸಿ. ಅಷ್ಟೇ. ಎತ್ತರ ಅಡಿಯಲ್ಲಿ ಮಾತ್ರ ಗೊತ್ತಿದ್ದರೆ ಒಟ್ಟು ಇಂಚನ್ನು 2.54ರಿಂದ ಗುಣಿಸಿದರೆ ಸೆಂಟಿಮೀಟರ್ ಸಿಗುತ್ತದೆ. 5 ಅಡಿ 1 ಇಂಚಿನ ಮಹಿಳೆ ಎಂದರೆ 1.55 ಮೀಟರ್. ತೂಕ 59 ಕಿಲೋ ಇದ್ದರೆ ಬಿಎಂಐ 24.6.

ಮೊಬೈಲ್ ಆ್ಯಪ್‌ಗಳಲ್ಲಿ ಹೆಚ್ಚಿನವು 25ರವರೆಗೆ ಹಸಿರು ಬಣ್ಣ ತೋರಿಸುತ್ತವೆ. ಆದರೆ ನಮ್ಮ ದೇಶದ ತಜ್ಞರು 2009ರಲ್ಲೇ ಹೇಳಿದ್ದು ಬೇರೆ: ಭಾರತೀಯರಿಗೆ 18ರಿಂದ 22.9 ಸರಿಯಾದ ತೂಕ, 23 ದಾಟಿದರೆ ಹೆಚ್ಚು ತೂಕ, 25ಕ್ಕೆ ಬೊಜ್ಜು. ಅಂದರೆ ಮೇಲಿನ ಮಹಿಳೆಯ ತೂಕ 55 ಕಿಲೋದ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಹಳೆಯ 25ರ ಗೆರೆ ಹಾಕಿ ನೋಡಿದರೂ, 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ 30 ಮಂದಿ ಹೆಚ್ಚು ತೂಕದವರೇ.

ನಮಗೇಕೆ ಬೇರೆ ಗೆರೆ? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಬ್ರಿಟನ್ನಿನವರಿಗೆ ಶೇ. 9.1, ನಮ್ಮವರಿಗೆ ಶೇ. 21.2! ತೋರಕ್ಕೆ ಸಣಕಲಾದ ಭಾರತೀಯನ ಮೈಯಲ್ಲೂ ಕೊಬ್ಬು ಅಡಗಿ ಕೂತಿರುತ್ತದೆ, ಮುಖ್ಯವಾಗಿ ಹೊಟ್ಟೆಯೊಳಗೆ. ಸಕ್ಕರೆ ಕಾಯಿಲೆ ನಮ್ಮವರಿಗೆ ಬೇಗ ಬರಲು ಅದೂ ಒಂದು ಕಾರಣ.

ಅಷ್ಟು ದೂರ ಹೋಗುವುದೂ ಬೇಡ, ನಮ್ಮ ರಾಜ್ಯದೊಳಗೇ ನೋಡಿ. ಮುದ್ದೇಬಿಹಾಳ ಕಡೆಯ ತಂಗಡಗಿ ಕೃಷ್ಣಾ ನದಿ ದಡದ ಊರು, ಬಿಳಿಜೋಳದ ಸೀಮೆ. ಅಲ್ಲಿ ರೊಟ್ಟಿ ತಿಂದು ದಿನವಿಡೀ ಹೊಲದಲ್ಲಿ ಬಗ್ಗಿ ದುಡಿಯುವವರೊಬ್ಬರು, ಇಲ್ಲಿ ಬೆಳಗ್ಗಿನಿಂದ ರಾತ್ರಿವರೆಗೆ ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಕೂರುವ ನಮ್ಮ ಕಾಕ ಒಬ್ಬರು ಅಂತಿಟ್ಟುಕೊಳ್ಳಿ. ಇಬ್ಬರ ಬಿಎಂಐ 24 ಇರಬಹುದು. ಅವರದ್ದು ಹೆಚ್ಚಿನ ಪಾಲು ಸ್ನಾಯು, ಇವರದ್ದು ಹೊಟ್ಟೆ. ಬಿಎಂಐಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗಬೇಕೆಂದು ಅದನ್ನು ಮಾಡಿಯೂ ಇಲ್ಲ. 1832ರಲ್ಲಿ ಈ ಲೆಕ್ಕ ಕೊಟ್ಟ ಬೆಲ್ಜಿಯಂನ ಕ್ವೆಟೆಲೆ ವೈದ್ಯರೇ ಅಲ್ಲ, ಅಂಕಿ-ಅಂಶದವರು.

ಹಾಗಾಗಿ ಬಿಎಂಐ ಜೊತೆಗೆ ಟೈಲರ್ ಟೇಪು ಹಿಡಿಯಿರಿ. ಬಟ್ಟೆಯ ಮೇಲಲ್ಲ, ಮೈಮೇಲೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. (ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಯಾರಿಗೆ?) ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ದಾಟಿದ್ದರೆ ಬಿಎಂಐ 22 ಇದ್ದರೂ ರಕ್ತದ ಸಕ್ಕರೆ, ಬಿಪಿ ನೋಡಿಸಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ತಡ ಮಾಡಬೇಡಿ.

ಬಸುರಿಯರಿಗೆ ಈ ಲೆಕ್ಕ ಹಾಕಬೇಡಿ. ಮದ್ರಸಕ್ಕೆ ಹೋಗುವ ಮಕ್ಕಳಿಗೂ ಈ ಗೆರೆಗಳಲ್ಲ, ವಯಸ್ಸಿಗೆ ತಕ್ಕ ಚಾರ್ಟ್ ವೈದ್ಯರ ಬಳಿ ಬೇರೆಯೇ ಇದೆ. ಇನ್ನು ರಮಳಾನ್‌ನಲ್ಲಿ ತೂಕ ತಾನಾಗಿ ಇಳಿಯುತ್ತದೆ ಎಂದು ಕಾಯುವವರು ಇಫ್ತಾರ್‌ನ ಸಮೋಸ, ಶರಬತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪತ್ತಿರ್ ಬಿಡಬೇಕಿಲ್ಲ, ಐದರ ಬದಲು ಮೂರು ಸಾಕು. ಇಶಾ ನಮಾಝ್‌ಗೆ ಮಸೀದಿಗೆ ಬೈಕ್ ಬಿಟ್ಟು ನಡೆದೇ ಹೋಗಬಹುದು.

ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ, ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ, 'ಅಂತೂ ಸಪೂರ ಆದೆ' ಅಂತ ಖುಷಿಪಡಬೇಡಿ. ಆ ವಾರವೇ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ.