ಅಂಚಿನಲ್ಲಿ ನಿಂತವರನ್ನು ಕತ್ತರಿಸಬೇಡಿ

ಮನೆಯಲ್ಲಿ ಮದುವೆ, ಗೃಹಪ್ರವೇಶ, ಹಿರಿಯರ ಹುಟ್ಟುಹಬ್ಬ ಏನೇ ಇರಲಿ, ಈಗ ಒಂದು ಸ್ಲೈಡ್ ಶೋ ಇರಲೇಬೇಕು. ಹಳೇ ಫೋಟೋಗಳು ಒಂದರ ಹಿಂದೆ ಒಂದು ಪರದೆಯ ಮೇಲೆ ಮೆಲ್ಲಗೆ ಸರಿಯುತ್ತವೆ, ಹತ್ತಿರ ಬರುತ್ತವೆ, ಕರಗಿ ಇನ್ನೊಂದಾಗುತ್ತವೆ. ಹಿನ್ನೆಲೆಯಲ್ಲಿ ಒಂದು ಹಾಡು. ನೆಂಟರ ಕಣ್ಣಲ್ಲಿ ನೀರು! ಇದಕ್ಕೆ ಸ್ಟುಡಿಯೋದವರಿಗೆ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ. ಮಧ್ಯಾಹ್ನದ ಪಾತ್ರೆ ಮುಗಿಸಿ ಎರಡು ಗಂಟೆ ಕೂತರೆ ನೀವೇ ಮಾಡಬಹುದು. ನಾನೂ ಹಾಗೇ ಕೂತು ಕಲಿತವಳು. ಆದರೆ ಮೊದಲ ಸಲ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತಲೇ ಈ ಬರಹ.

ನಮ್ಮದು ಹಾಸನದ ಹತ್ತಿರದ ಕೊರವಂಗಲ. ಮಾವನವರಿಗೆ ಎಂಬತ್ತು ತುಂಬಿದ ದಿನ ಪಡಸಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟು ನಲವತ್ತೆರಡು ಫೋಟೋಗಳ ಸ್ಲೈಡ್ ಶೋ ತೋರಿಸಿದೆ. ಮಕ್ಕಳು ಶಿಳ್ಳೆ ಹೊಡೆದರು. ಮಾವ ಎದ್ದು ಬಂದು ತಲೆ ಸವರಿದರು. ನಾನಂತೂ ಬೀಗಿ ಹೋಗಿದ್ದೆ. ಎಲ್ಲಾ ಮುಗಿದು ಎಲೆ ಎತ್ತುವ ಹೊತ್ತಿಗೆ ಅತ್ತೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ಎಲ್ಲಾ ಚೆನ್ನಾಗೈತೆ ಕಣವ್ವ. ಆದ್ರೆ ನಾನು ಎಲ್ಲೂ ಕಾಣ್ಲಿಲ್ವಲ್ಲ?’

ನನಗೆ ನಂಬಿಕೆಯಾಗಲಿಲ್ಲ. ರಾತ್ರಿ ಕೂತು ಎಣಿಸಿದೆ. ಮೂಲ ಫೋಟೋಗಳಲ್ಲಿ ಅತ್ತೆ ಹನ್ನೊಂದರಲ್ಲಿದ್ದರು. ಪರದೆಯ ಮೇಲೆ ಉಳಿದದ್ದು ಎರಡರಲ್ಲಿ. ಉಳಿದ ಒಂಬತ್ತರಲ್ಲಿ ಅವರನ್ನು ತೆಗೆದುಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ!

ಅದು ಹೇಗಾಯ್ತು?

ಹಳೇ ಗುಂಪು ಫೋಟೋಗಳನ್ನು ಒಮ್ಮೆ ನೋಡಿ. ನಡುವೆ ಕುರ್ಚಿಯ ಮೇಲೆ ಮನೆಯ ಯಜಮಾನರು. ಅಕ್ಕಪಕ್ಕ ಗಂಡುಮಕ್ಕಳು. ಮುಂದೆ ನೆಲದ ಮೇಲೆ ಮೊಮ್ಮಕ್ಕಳು. ಸೊಸೆಯಂದಿರು ಎಲ್ಲಿರುತ್ತಾರೆ? ಹಿಂದಿನ ಸಾಲಿನಲ್ಲಿ, ಇಲ್ಲವೇ ಅಂಚಿನಲ್ಲಿ, ಬಾಗಿಲಿಗೆ ಅರ್ಧ ಮರೆಯಾಗಿ. ಒಲೆಯ ಮೇಲೆ ಹಾಲಿಟ್ಟು ಬಂದವರು ಬೇರೆಲ್ಲಿ ನಿಲ್ಲುತ್ತಾರೆ ಹೇಳಿ!

ಇನ್ನು ಪರದೆಯ ಲೆಕ್ಕ. ಈಗಿನ ಟಿ.ವಿ., ಕಂಪ್ಯೂಟರ್ ಪರದೆಗಳು ಹೆಚ್ಚಾಗಿ 16:9ರ ಅಳತೆಯವು, ಅಂದರೆ ಅಗಲ ಜಾಸ್ತಿ, ಎತ್ತರ ಕಮ್ಮಿ. ಆಲ್ಬಮ್ಮಿನ 6x4 ಇಂಚಿನ ಫೋಟೋ 3:2ರ ಅಳತೆಯದು. ಮೊಬೈಲಿನಲ್ಲಿ ತೆಗೆದದ್ದು ಸಾಮಾನ್ಯವಾಗಿ 4:3. ಇವನ್ನು ಪರದೆ ತುಂಬುವಂತೆ ಕ್ರಾಪ್ ಮಾಡಿದರೆ ಆಲ್ಬಮ್ ಫೋಟೋದ ಎತ್ತರದಲ್ಲಿ ಆರನೇ ಒಂದು ಭಾಗ ಹೋಗುತ್ತದೆ. ಮೊಬೈಲ್ ಫೋಟೋದಲ್ಲಿ ನಾಲ್ಕನೇ ಒಂದು ಭಾಗ. ಉದ್ದುದ್ದ ನಿಲ್ಲಿಸಿ ತೆಗೆದ ಮೊಬೈಲ್ ಫೋಟೋ ಆದರೆ ಅರ್ಧಕ್ಕಿಂತ ಹೆಚ್ಚು ಮಾಯ! ಹಿಂದಿನ ಸಾಲಿನವರ ತಲೆ ಹೋಗುವುದು, ಮುಂದಿನ ಮಕ್ಕಳು ಕಾಣೆಯಾಗುವುದು ಹೀಗೆ.

ಅದು ಸಾಲದು ಅಂತ ನಾನು ಎಲ್ಲಾ ಫೋಟೋಗೂ ‘ಝೂಮ್ ಇನ್’ ಹಾಕಿದ್ದೆ. ನಡುವೆ ಕೂತ ಮಾವನವರ ಮುಖ ಹತ್ತಿರ ಬಂದ ಹಾಗೆಲ್ಲ ಅಂಚಿನವರು ಒಬ್ಬೊಬ್ಬರಾಗಿ ಪರದೆಯಿಂದ ಆಚೆ ಹೋದರು. ಅವರಲ್ಲಿ ಮೊದಲು ಹೋದವರು ಅತ್ತೆ.

ಕತ್ತರಿ ಹಿಡಿಯುವ ಮೊದಲು

ಒಂದು: ಪ್ರತಿ ಫೋಟೋದಲ್ಲೂ ನಾಲ್ಕು ಅಂಚುಗಳನ್ನು ಕಣ್ಣಲ್ಲಿ ಸುತ್ತಿ ಬನ್ನಿ. ಯಾರಿದ್ದಾರೆ, ಅವರದ್ದು ಬೇರೆ ಫೋಟೋ ಮನೆಯಲ್ಲಿದೆಯಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ಆ ಅಂಚು ಮುಟ್ಟಬೇಡಿ.

ಎರಡು: ಕ್ರಾಪ್ ಮಾಡಲೇಬೇಕು ಅಂತ ಯಾರು ಹೇಳಿದ್ದು? ಫೋಟೋವನ್ನು ಪೂರ್ತಿಯಾಗಿ ನಡುವೆ ಇಟ್ಟು, ಅಕ್ಕಪಕ್ಕದ ಖಾಲಿ ಜಾಗಕ್ಕೆ ಅದೇ ಫೋಟೋವನ್ನು ದೊಡ್ಡದು ಮಾಡಿ ಮಸುಕಾಗಿಸಿ ಹಿನ್ನೆಲೆಗೆ ಹಾಕಿ. ಬೇಡವೆಂದರೆ ಬರೀ ಕಪ್ಪು ಬಣ್ಣ ಬಿಡಿ, ಅದೂ ಚೆಂದವೇ.

ಮೂರು: ‘ಝೂಮ್ ಇನ್’ ಬದಲು ‘ಝೂಮ್ ಔಟ್’ ಮಾಡಿ. ಅಂಚಿನಲ್ಲಿ ನಿಂತವರ ಮುಖದಿಂದ ಶುರುಮಾಡಿ, ಮೆಲ್ಲಗೆ ಹಿಂದೆ ಸರಿದು ಇಡೀ ಕುಟುಂಬ ಕಾಣುವಲ್ಲಿ ನಿಲ್ಲಿಸಿ. ಯಾರೂ ತಪ್ಪಿಹೋಗುವುದಿಲ್ಲ.

ನಿಂತ ಚಿತ್ರದ ಮೇಲೆ ಹೀಗೆ ಕ್ಯಾಮೆರಾ ಚಲಿಸಿದಂತೆ ಕಾಣಿಸುವುದಕ್ಕೆ ‘ಕೆನ್ ಬರ್ನ್ಸ್ ಎಫೆಕ್ಟ್’ ಅನ್ನುತ್ತಾರೆ. ಕೆನ್ ಬರ್ನ್ಸ್ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕರು. 1990ರ ‘ದಿ ಸಿವಿಲ್ ವಾರ್’ ಸರಣಿಯಲ್ಲಿ ಹಳೇ ಕಪ್ಪು-ಬಿಳುಪು ಚಿತ್ರಗಳಿಗೆ ಅವರು ಹೀಗೇ ಜೀವ ತುಂಬಿದ್ದರು. 2003ರಲ್ಲಿ ಆಪಲ್ ಕಂಪನಿ ತನ್ನ ಐಮೂವಿಯಲ್ಲಿ ಇದನ್ನು ಅವರ ಹೆಸರಲ್ಲೇ ಸೇರಿಸಿತು.

ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ನಾವೇನೂ ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮೂರಲ್ಲೇ ಬೂಚೇಶ್ವರ ದೇವಸ್ಥಾನವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಅಧಿಕಾರಿ ಬೂಚಿರಾಜ 1173ರಲ್ಲಿ ಕಟ್ಟಿಸಿದ್ದು. ಶಿವ, ಸೂರ್ಯ ಇಬ್ಬರ ಗುಡಿಗಳೂ ಎದುರುಬದುರು. ಗೋಡೆಯ ಶಿಲ್ಪಗಳು ನಿಂತಲ್ಲೇ ನಿಂತಿರುತ್ತವೆ, ನಡೆಯುವವರು ನಾವು. ಸುತ್ತಿ ಬರುವಾಗ ಓಡುತ್ತೀವಾ? ಒಂದೊಂದರ ಮುಂದೂ ಒಂದು ಗಳಿಗೆ ನಿಲ್ಲುತ್ತೀವಿ. ನಿಮ್ಮ ಸ್ಲೈಡ್ ಶೋ ನಡಿಗೆಯೂ ಅಷ್ಟೇ ನಿಧಾನವಾಗಿರಲಿ. ಒಂದು ಫೋಟೋಗೆ ಐದು ಸೆಕೆಂಡ್, ಗುಂಪು ಫೋಟೋ ಆದರೆ ಎಂಟು. ಐದು ಸೆಕೆಂಡಿನ ಲೆಕ್ಕದಲ್ಲಿ ನಲವತ್ತು ಫೋಟೋಗೆ 3 ನಿಮಿಷ 20 ಸೆಕೆಂಡ್ ಆಯ್ತು. ಅದಕ್ಕಿಂತ ತೀರಾ ಉದ್ದವಾದರೆ ನೆಂಟರು ಊಟದೆಲೆ ಕಡೆ ನೋಡುತ್ತಾರೆ!

ಸ್ಕ್ಯಾನ್ ಮಾಡೋದು ಹೀಗೆ

ಪರದೆ ತುಂಬಲು ಸಾಮಾನ್ಯವಾಗಿ 1920x1080 ಪಿಕ್ಸೆಲ್ ಬೇಕು. 6x4 ಇಂಚಿನ ಫೋಟೋವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 1800x1200 ಮಾತ್ರ. ಝೂಮ್ ಮಾಡಿದ ಕೂಡಲೇ ಒಡೆದು ಕಾಣುತ್ತದೆ. 600 ಡಿಪಿಐ ಇಟ್ಟರೆ 3600x2400 ಸಿಗುತ್ತದೆ, ಧಾರಾಳವಾಗಿ ಹತ್ತಿರ ಹೋಗಬಹುದು. ಪಾಸ್‌ಪೋರ್ಟ್ ಸೈಜಿನ ಪುಟ್ಟ ಫೋಟೋ ಆದರೆ 1200 ಇಡಿ.

ಸ್ಕ್ಯಾನರ್ ಇಲ್ವಾ? ಮೊಬೈಲ್ ಸಾಕು. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಫೋಟೋವನ್ನು ಚಪ್ಪಟೆಯಾಗಿಡಿ. ಫ್ಲ್ಯಾಶ್ ಬೇಡ. ಮೊಬೈಲು ಫೋಟೋಗೆ ಸರಿಯಾಗಿ ಮೇಲೆ, ವಾಲದಂತೆ ಇರಲಿ. ಊರಿನ ನೆಂಟರು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸುಮ್ಮನೆ ಫೋಟೋ ಆಗಿ ಕಳಿಸಿದರೆ ಕುಗ್ಗಿ ಬರುತ್ತದೆ.

ಫೈಲಿಗೆ ಹೆಸರಿಡುವಾಗ 1, 2 ಅನ್ನದೆ 01, 02 ಅಂತ ಬರೆಯಿರಿ. ಇಲ್ಲದಿದ್ದರೆ ಕೆಲವು ಕಡೆ 1ರ ಪಕ್ಕ 10 ಬಂದು ಕೂತು, ಮದುವೆಗಿಂತ ಮುಂಚೆ ನಾಮಕರಣ ಆಗಿಬಿಡುತ್ತದೆ!

ಮೂಲದ ಮೇಲೆ ಸೇವ್ ಮಾಡಬೇಡಿ

ನನ್ನ ಇನ್ನೊಂದು ತಪ್ಪು ಇದು. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಬೂಚೇಶ್ವರ ದೇವಸ್ಥಾನದ ಮುಂದೆ ತೆಗೆಸಿದ ಗುಂಪು ಫೋಟೋ ಒಂದಿತ್ತು. ಅತ್ತೆಯ ವಯಸ್ಸಿನ ಆ ದಿನಗಳದ್ದು ಇರುವುದು ಅದೊಂದೇ. ಅರಕಲಗೂಡಿನಲ್ಲಿರುವ ನಾದಿನಿಯಿಂದ ಇಸ್ಕೊಂಡು, ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟಿದ್ದೆ. ಕ್ರಾಪ್ ಮಾಡಿದ್ದನ್ನು ಅದೇ ಹೆಸರಲ್ಲಿ ಸೇವ್ ಮಾಡಿಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಉಳಿದದ್ದು ಅತ್ತೆಯ ಬಳೆ ತೊಟ್ಟ ಒಂದು ಕೈ, ಅಷ್ಟೇ.

ಮಳೆಗಾಲ ಮುಗಿದ ಮೇಲೆ ಅರಕಲಗೂಡಿಗೆ ಹೋದೆ. ನಾದಿನಿ ಆ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಗೋಡೆ ನೆನೆದು, ತೇವ ಒಳಗಿಳಿದು ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಒಂದು ಮೂಲೆಯಿಂದ ಕಲೆ ಏರಿ ಬಂದು ಅತ್ತೆಯ ಸೆರಗಿನ ಹತ್ತಿರ ನಿಂತಿತ್ತು. ಮುಖ ಮಾತ್ರ ಉಳಿದಿತ್ತು. ನನ್ನ ಎದೆ ಧಸಕ್ ಅಂದಿತು. ಇನ್ನೊಂದು ಮಳೆಗಾಲ ಕಳೆದಿದ್ದರೆ?

ನಾದಿನಿ ಬ್ಲೇಡು ತಂದು ಬಿಡಿಸೋಕೆ ಹೊರಟರು. ‘ಬೇಡಿ ಅತ್ತಿಗೆ’ ಅಂತ ಕೈ ಹಿಡಿದೆ. ನೀವೂ ನೆನಪಿಡಿ: ಗಾಜಿಗೆ ಅಂಟಿದ ಫೋಟೋವನ್ನು ಎಳೆದು ಬಿಡಿಸಬೇಡಿ. ಚಿತ್ರವಿರುವ ತೆಳುಪದರ ಗಾಜಿಗೇ ಉಳಿದು, ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಅಥವಾ ಬೆಳಕು ಪ್ರತಿಫಲಿಸದಂತೆ ಓರೆಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ನಾನು ಹಾಗೇ ಮಾಡಿದೆ.

ಮನೆಗೆ ಬಂದು ಮಾಡಿದ ಮೊದಲ ಕೆಲಸ: ‘ಮೂಲ’ ಅನ್ನೋ ಫೋಲ್ಡರ್. ಸ್ಕ್ಯಾನ್ ಮಾಡಿದ್ದೆಲ್ಲ ಅದರೊಳಗೆ. ತಿದ್ದುವುದೆಲ್ಲ ನಕಲಿನ ಮೇಲೆ, ಬೇರೆ ಫೋಲ್ಡರಿನಲ್ಲಿ. ಮೂಲದ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಅದೂ ತಂಗಿಯ ಮನೆಯಲ್ಲಿ. ಜೆಪೆಗ್ ಫೈಲನ್ನು ತಿದ್ದಿ ತಿದ್ದಿ ಸೇವ್ ಮಾಡಿದಾಗಲೆಲ್ಲ ಗುಣಮಟ್ಟ ಸ್ವಲ್ಪ ಸ್ವಲ್ಪ ಇಳಿಯುತ್ತದೆ ಅನ್ನುವುದೂ ಗೊತ್ತಿರಲಿ.

ಎಷ್ಟು ತಿದ್ದಬೇಕು?

ಸ್ವಲ್ಪವೇ ಸಾಕು. ವಾಲಿದ್ದರೆ ನೆಟ್ಟಗೆ ಮಾಡಿ. ಮಂಕಾಗಿದ್ದರೆ ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿ. ಹಳೇ ಬಣ್ಣದ ಫೋಟೋಗಳು ಕೆಂಪಗಾಗಿರುತ್ತವೆ ಅಲ್ವಾ? ಅದರೊಳಗಿನ ನೀಲಿ-ಹಸಿರು ಬಣ್ಣ ಮೊದಲು ಮಾಸಿಹೋಗಿರುತ್ತದೆ. ಕೆಂಪನ್ನು ಸ್ವಲ್ಪ ಇಳಿಸಿದರೆ ಮುಖಗಳು ಮರಳಿ ಮನುಷ್ಯರ ಮುಖಗಳಾಗುತ್ತವೆ. ಕಲೆ, ಗೀರುಗಳನ್ನು ‘ಜಿಂಪ್’ನಂಥ ಉಚಿತ ತಂತ್ರಾಂಶದಲ್ಲಿ ಪಕ್ಕದ ಭಾಗವನ್ನು ನಕಲು ಮಾಡಿ ಮುಚ್ಚಬಹುದು.

ಈಗ ಒಂದು ಗುಂಡಿ ಒತ್ತಿದರೆ ಮಸುಕು ಮುಖವನ್ನು ಫಳಫಳ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಆಪ್‌ಗಳಿವೆ. ತೀರಿಹೋದವರ ಫೋಟೋ ಕಣ್ಣು ಮಿಟುಕಿಸುವಂತೆ ಮಾಡುವುದೂ 2021ರಿಂದ ಮನೆಮನೆಗೆ ಬಂದಿದೆ. ಹುಷಾರು! ಅದು ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ನಾನು ಅತ್ತೆಯ ಫೋಟೋಗೆ ಹಾಕಿ ನೋಡಿದೆ. ಚೆಂದದ ಹುಡುಗಿಯೊಬ್ಬಳು ಬಂದಳು. ಆದರೆ ಗಲ್ಲದ ಮೇಲಿನ ಮಚ್ಚೆ ಇರಲಿಲ್ಲ. ಅವಳು ನಮ್ಮತ್ತೆ ಅಲ್ಲ! ಅಳಿಸಿ, ಮಸುಕು ಮುಖವನ್ನೇ ಇಟ್ಟುಕೊಂಡೆ. ತೀರಿಹೋದವರನ್ನು ಆಡಿಸುವ ಮುಂಚೆಯಂತೂ ಅವರ ಹೆಂಡತಿ, ಗಂಡ, ಮಕ್ಕಳನ್ನು ಒಂದು ಮಾತು ಕೇಳಿ.

ಜೋಡಿಸೋದು ಯಾವುದರಲ್ಲಿ?

ನಮ್ಮ ಕಾಲದ ‘ವಿಂಡೋಸ್ ಮೂವಿ ಮೇಕರ್’ 2017ರಲ್ಲಿ ನಿಂತುಹೋಯ್ತು. ‘ಪಿಕಾಸಾ’ 2016ರಲ್ಲೇ ಹೋಯ್ತು. ಬೇಜಾರು ಬೇಡ. ಕಂಪ್ಯೂಟರಿನಲ್ಲಿ ‘ಓಪನ್‌ಶಾಟ್’, ‘ಶಾಟ್‌ಕಟ್’ ಉಚಿತ. ವಿಂಡೋಸ್ 11ರಲ್ಲಿ ‘ಕ್ಲಿಪ್‌ಚಾಂಪ್’ ಇದೆ. ಪವರ್‌ಪಾಯಿಂಟ್ ಬಲ್ಲವರು ಅದರಲ್ಲೇ ಮಾಡಿ ವಿಡಿಯೋ ಆಗಿ ಉಳಿಸಬಹುದು. ಫೋಟೋ ಬದಲಾಗುವಾಗ ಮೆಲ್ಲಗೆ ಕರಗುವ ಒಂದೇ ಬಗೆ ಸಾಕು. ಹೃದಯದ ಆಕಾರ, ಗಿರಗಿಟ್ಲೆ ಇವೆಲ್ಲ ಎರಡನೇ ಸಲಕ್ಕೇ ಬೇಸರ ತರುತ್ತವೆ. ಹಾಡಿಗೂ ಸಿನಿಮಾವೇ ಬೇಕೆಂದೇನಿಲ್ಲ. ಮನೆಯ ಹಿರಿಯರು ಹಾಡುವ ಸೋಬಾನೆ ಪದವನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ ಆಮೇಲೆ ರೆಕಾರ್ಡ್ ಮಾಡಿ, ಅಷ್ಟೇ.

ಗೌರಿ ಹಬ್ಬದ ರಾತ್ರಿ

ಮುಂದಿನ ಗೌರಿ ಹಬ್ಬಕ್ಕೆ ಮನೆಯ ಹೆಣ್ಣುಮಕ್ಕಳೆಲ್ಲ ಬಾಗಿನಕ್ಕೆ ಬಂದಿದ್ದಾಗ ಅದೇ ಪಂಚೆ, ಅದೇ ಗೋಡೆ. ಈ ಸಲ ಹಿನ್ನೆಲೆಯಲ್ಲಿ ಅತ್ತೆಯದೇ ದನಿ. ಮೊದಲ ಚಿತ್ರ ದೇವಸ್ಥಾನದ ಮುಂದಿನದು. ಶುರುವಾಗಿದ್ದು ಅಂಚಿನಲ್ಲಿ ನಿಂತ ಅತ್ತೆಯ ಮುಖದಿಂದ. ಆಮೇಲೆ ಪಕ್ಕದ ಓರಗಿತ್ತಿ, ಮುಂದಿನ ಮಕ್ಕಳು, ಕೊನೆಗೆ ನಡುವಿನ ಕುರ್ಚಿ, ಹಿಂದೆ ಕಲ್ಲಿನ ಕಂಬ. ಯಾರೂ ಮಾತಾಡಲಿಲ್ಲ.

ಅತ್ತೆ ಸ್ವಲ್ಪ ಹೊತ್ತು ನೋಡಿ, ‘ಆ ಸೀರೆ ಹಸಿರು ಕಣವ್ವ. ನಮ್ಮವ್ವ ಕೊಡಿಸಿದ್ದು. ನೀನು ಕಪ್ಪು ಅನ್ಕಂಡಿದ್ದೇನೋ’ ಅಂದರು. ಆಮೇಲೆ ಪಕ್ಕದಲ್ಲಿ ನಿಂತವರು ಯಾರು, ಆ ದಿನ ಬುತ್ತಿಯಲ್ಲಿ ಏನಿತ್ತು ಅಂತ ಒಂದೊಂದೇ ಹೇಳುತ್ತಾ ಹೋದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದಿದ್ದ ಮಾತುಗಳು. ನಾನು ಪುಸ್ತಕ ತಂದು ಬರೆದುಕೊಂಡೆ.

ನೀವೂ ಹಾಗೇ ಮಾಡಿ. ಆಲ್ಬಮ್ ತೆಗೆಯುವಾಗ ಪಕ್ಕದಲ್ಲಿ ಅಮ್ಮನನ್ನೋ ಅತ್ತೆಯನ್ನೋ ಕೂರಿಸಿಕೊಂಡು, ಯಾರು, ಎಲ್ಲಿ, ಯಾವ ವರ್ಷ, ಸೀರೆಯ ಬಣ್ಣ ಏನು ಅಂತ ಕೇಳಿ ಬರೆದಿಡಿ. ಫೋಟೋ ತಿದ್ದಲು ನಾಳೆಯೂ ಆಗುತ್ತದೆ. ಹೇಳುವವರು ನಾಳೆ ಇರಬೇಕಲ್ಲ!