ಆಫ್ರಿಕದ ಬೂದು ಗಿಳಿ: ತರುವ ಮುನ್ನ, ತಂದ ಮೇಲೆ

ಗಿಳಿ ಸಾಕುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಒಂದೆರಡು ತಲೆಮಾರಿನ ಹಿಂದೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳ ಜಗಲಿಯಲ್ಲಿ ತಂತಿಯ ಗೂಡೊಂದು ತೂಗಾಡುವುದು ಸಾಮಾನ್ಯ ನೋಟವಾಗಿತ್ತು. ಒಳಗೊಂದು ಹಸುರು ಗಿಳಿ, ಗೆರಟೆಯಲ್ಲಿ ನಾಲ್ಕು ಅಗುಳು ಅನ್ನ. ಗಾಳಿಗೆ ಮುರಿದ ತೆಂಗಿನ ಮರದ ಪೊಟರೆಯಿಂದ ತೆಗೆದ ಮರಿಯಾಗಿರುತ್ತಿತ್ತು ಅದು. ಈಗ ಹಾಗೆ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ಕಾಡು ತೋಟಗಳ ಗಿಳಿಗಳನ್ನು ಹಿಡಿಯುವುದು, ಮಾರುವುದು, ಗೂಡಿನಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಪ್ರೀತಿಯಿಂದ ಸಾಕಿದೆ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಹೀಗಾಗಿ ಗಿಳಿಯ ಆಸೆಯುಳ್ಳವರ ಕಣ್ಣು ಹೊರದೇಶದ ಹಕ್ಕಿಗಳ ಕಡೆಗೆ ತಿರುಗಿದೆ. ಮೆಲ್ಕಾರ್, ಪಾಣೆಮಂಗಳೂರು, ಬಿ.ಸಿ. ರೋಡ್ ಸುತ್ತಿನ ಹಲವು ಮನೆಗಳಿಗೆ ಗಲ್ಫ್ ನಾಡಿನ ನಂಟು ಉಂಟು. ಅಲ್ಲಿ ಮಾತನಾಡುವ ಬೂದು ಗಿಳಿಯನ್ನು ಕಂಡವರಿಗೆ ತಮ್ಮ ಮನೆಗೂ ಒಂದು ಇರಲಿ ಅನಿಸಿದರೆ ಆಶ್ಚರ್ಯವಿಲ್ಲ. ಕರಾವಿನ ಒಳ್ಳೆಯ ಹಸುವೊಂದಕ್ಕೆ ಕೊಡುವಷ್ಟು ಹಣವನ್ನು ಈ ಹಕ್ಕಿಗೆ ಕೊಡಬೇಕಾದೀತು. ಆದರೆ ಕೊಳ್ಳುವ ಹಣಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. ಒಳ್ಳೆಯ ಆರೈಕೆಯಲ್ಲಿ ಇದು 40ರಿಂದ 60 ವರ್ಷ ಬಾಳುತ್ತದೆ. ತೆಂಗಿನ ಸಸಿ ನೆಡುವಾಗ ನಾವು ಮಕ್ಕಳ ಕಾಲಕ್ಕೆಂದು ನೆಡುತ್ತೇವಷ್ಟೆ. ಇದೂ ಅದೇ ಲೆಕ್ಕ. ವ್ಯತ್ಯಾಸವೆಂದರೆ, ತೆಂಗಿನ ಮರಕ್ಕೆ ಬೇಸರ ಬರುವುದಿಲ್ಲ.

ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮಳೆಕಾಡು ಇದರ ತವರು. ಘಾನಾ, ಕ್ಯಾಮರೂನ್, ಗಬೋನ್, ಕಾಂಗೋ ದೇಶಗಳ ಎತ್ತರದ ಮರಗಳ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಎಣ್ಣೆತಾಳೆಯ ಹಣ್ಣೆಂದರೆ ಬಲು ಇಷ್ಟ. ಉದ್ದ ಒಂದಡಿಗಿಂತ ತುಸು ಹೆಚ್ಚು, ತೂಕ 400ರಿಂದ 500 ಗ್ರಾಂ. ಮೈ ಬೂದಿ ಬಣ್ಣ, ಕೊಕ್ಕು ಕಪ್ಪು, ಬಾಲ ಮಾತ್ರ ಕೆಂಡದಂತೆ ಕೆಂಪು. ಮರಿಯ ಕಣ್ಣು ಕಪ್ಪಾಗಿದ್ದು ಬೆಳೆದಂತೆ ತಿಳಿ ಹಳದಿಗೆ ತಿರುಗುತ್ತದೆ. ಎಳೆಯ ಹಕ್ಕಿಯೋ ಬಲಿತದ್ದೋ ಎಂದು ತಿಳಿಯಲು ಇದೊಂದು ಗುರುತು. ಗಂಡು ಹೆಣ್ಣಿನ ಭೇದ ನೋಟಕ್ಕೆ ಸಿಕ್ಕದು, ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಕಾಡಿನಲ್ಲಿ ಇವು ನೂರಾರು ಒಟ್ಟುಗೂಡಿ ರಾತ್ರಿ ತಂಗುತ್ತವೆ. ಒಂಟಿ ಬಾಳು ಇದರ ಜಾಯಮಾನದಲ್ಲೇ ಇಲ್ಲ. ಸಾಕುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಇದರ ಬುದ್ಧಿ ಎಷ್ಟರದು? ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಷಿಕಾಗೊದ ಅಂಗಡಿಯೊಂದರಿಂದ ಒಂದು ಬೂದು ಗಿಳಿಯನ್ನು ಕೊಂಡು, ಅಲೆಕ್ಸ್ ಎಂದು ಹೆಸರಿಟ್ಟು, 30 ವರ್ಷ ಕಲಿಸಿದರು. ಅದು ಸುಮಾರು 50 ವಸ್ತುಗಳ ಹೆಸರು, 7 ಬಣ್ಣ, 5 ಆಕಾರ ಹೇಳುತ್ತಿತ್ತು. ಬೇರೆ ಬೇರೆ ಬಣ್ಣದ ವಸ್ತುಗಳನ್ನು ಬೆರೆಸಿ ತಟ್ಟೆಯಲ್ಲಿಟ್ಟರೆ, ಕೇಳಿದ ಬಣ್ಣದವು ಎಷ್ಟಿವೆ ಎಂದು 6ರ ವರೆಗೆ ಎಣಿಸಿ ಹೇಳುತ್ತಿತ್ತು. 2007ರ ಸೆಪ್ಟೆಂಬರಿನಲ್ಲಿ 31ರ ವಯಸ್ಸಿನಲ್ಲಿ ಸತ್ತಿತು. ಅಂದರೆ ಇದು ಕೇಳಿದ್ದನ್ನು ಒಪ್ಪಿಸುವ ಯಂತ್ರವಲ್ಲ. ಬಾಲವಾಡಿಗೆ ಹೋಗುವ ಮಗುವಿನಂತೆ ದಿನವೂ ಏನಾದರೊಂದು ಕೆಲಸ ಬೇಡುವ ಜೀವ.

ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಮಾತು ಕೂಡಿ ಬರುತ್ತದೆ. ಕಲಿಸಿದ್ದನ್ನೇ ಕಲಿತೀತೆಂಬ ಭರವಸೆ ಬೇಡ. ಕುಕ್ಕರಿನ ಸೀಟಿ, ಫೋನಿನ ಗಂಟೆ, ಹೆದ್ದಾರಿಯ ಬಸ್ಸಿನ ಹಾರನ್, ಅಜ್ಜನ ಕೆಮ್ಮು ಯಾವುದೂ ಆದೀತು. ತುಳು, ಬ್ಯಾರಿ, ಕೊಂಕಣಿ, ಕನ್ನಡ ಒಂದೇ ಜಗಲಿಯಲ್ಲಿ ಕೇಳಿಬರುವ ನಮ್ಮಲ್ಲಿ ಅದು ಯಾವುದನ್ನು ಆರಿಸೀತೋ! ಜಗಳದ ಮಾತನ್ನು ಮಾತ್ರ ಬೇಗ ಹಿಡಿಯುತ್ತದೆಂದು ಸಾಕಿದವರು ಹೇಳುತ್ತಾರೆ. ಎಂದೂ ಮಾತನಾಡದ ಗಿಳಿಗಳೂ ಉಂಟು. ಮಾತಿಗಾಗಿಯೇ ಕೊಂಡವರಿಗೆ ಅಂಥ ಹಕ್ಕಿ ಬೇಡವಾಗುತ್ತದೆ, ಅದು ಹಕ್ಕಿಯ ತಪ್ಪಲ್ಲ.

ಒಂದು ಮನೆಯನ್ನು ಎಣಿಸಿಕೊಳ್ಳಿ. ಮಗ ರಜೆಯಲ್ಲಿ ಊರಿಗೆ ಬಂದವನು ಗಿಳಿ ತರುತ್ತಾನೆ. ಎರಡು ತಿಂಗಳು ಅದು ಅವನ ಹೆಗಲಿನಿಂದ ಇಳಿಯುವುದಿಲ್ಲ. ಮತ್ತೆ ಅವನು ವಿಮಾನ ಹತ್ತುತ್ತಾನೆ. ಮನೆಯಲ್ಲಿ ಉಳಿದವರು ಎಪ್ಪತ್ತರ ಗಡಿಯ ತಂದೆ ತಾಯಿ. ಹಟ್ಟಿಯ ಕೆಲಸ, ತೋಟದ ಕೆಲಸ ಮುಗಿಯುವುದರೊಳಗೆ ಹೊತ್ತು ಮುಳುಗಿರುತ್ತದೆ. ಗಿಳಿ ತಾಯಿಯ ಬೆರಳು ಕಚ್ಚುತ್ತದೆ, ಆಕೆ ಹೆದರಿ ಗೂಡಿನ ಬಾಗಿಲು ತೆರೆಯುವುದನ್ನೇ ಬಿಡುತ್ತಾಳೆ. ಕೆಲವು ತಿಂಗಳಲ್ಲಿ ಅದು ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲಾರಂಭಿಸುತ್ತದೆ. ಕೊನೆಗೆ ಕುತ್ತಿಗೆಯಿಂದ ಕೆಳಗೆ ಸುಲಿದ ಕೋಳಿಯಂತೆ ಕಾಣುತ್ತದೆ. ಕೊಕ್ಕಿಗೆ ಎಟುಕದ ತಲೆಯಲ್ಲಿ ಮಾತ್ರ ಗರಿ. ಕಣ್ಣು ತಾಗಿದ್ದಲ್ಲ ಇದು. ಒಂಟಿತನ, ಬೇಸರ, ಕೆಟ್ಟ ಆಹಾರ, ಒಳಗಿನ ರೋಗ ಇವುಗಳಲ್ಲಿ ಒಂದೋ ಹಲವೋ ಕಾರಣ. ಮೊದಲು ವೈದ್ಯರಿಗೆ ತೋರಿಸಿ ರೋಗ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬೇರು ಸಹಿತ ಗರಿ ಕೀಳುವ ಚಟ ಹಳತಾದರೆ ಆ ಜಾಗದಲ್ಲಿ ಮತ್ತೆ ಗರಿ ಹುಟ್ಟದೆಯೂ ಹೋಗಬಹುದು.

ಆದುದರಿಂದ ಹಕ್ಕಿ ಬಂದ ದಿನದಿಂದಲೇ ಮನೆಯ ಎರಡು ಮೂರು ಮಂದಿ ಅದಕ್ಕೆ ಕೈಯಾರೆ ತಿನ್ನಿಸಿ ಬಳಕೆ ಮಾಡಿಕೊಳ್ಳತಕ್ಕದ್ದು. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಗೂಡಿನ ಹೊರಗೆ ಜನರ ನಡುವೆ ಇರಬೇಕು. ಕಡಿದು ಸಿಗಿಯಲು ಏನಾದರೂ ಬೇಕು. ಪೇಟೆಯ ಆಟಿಕೆಗೆ ಹಣ ಸುರಿಯಬೇಕಾಗಿಲ್ಲ. ಒಣಗಿದ ಶುಭ್ರ ಅಡಿಕೆ ಹಾಳೆಯ ತುಂಡಿನಲ್ಲಿ ಎರಡು ಕಡಲೆ ಸುತ್ತಿಟ್ಟರೆ ಅದನ್ನು ಬಿಡಿಸುವುದರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಎಳನೀರಿನ ಬೊಂಡ, ಪೇರಳೆಯ ಹಸಿ ಕೊಂಬೆ ಕೊಟ್ಟರೂ ಸಂತೋಷ. ಬಿಡಿ ಎಳೆ, ದಾರ ಮಾತ್ರ ಇರಕೂಡದು, ಕಾಲಿಗೆ ಸುತ್ತಿಕೊಳ್ಳುತ್ತದೆ. ರಾತ್ರಿ 10ರಿಂದ 12 ಗಂಟೆ ಕತ್ತಲೆ, ನಿಶ್ಶಬ್ದ ಬೇಕು. ಟಿ.ವಿ. ಇರುವ ಚಾವಡಿ ಮಲಗುವ ಜಾಗವಲ್ಲ.

ಆಹಾರ

ಗಿಳಿ ಮಾರುವವರು ಸೂರ್ಯಕಾಂತಿ ಬೀಜದ ಚೀಲವೊಂದನ್ನು ಜತೆಗೇ ಕೊಡುವುದುಂಟು. ಹಕ್ಕಿಯೂ ಅದನ್ನೇ ಆರಿಸಿ ತಿನ್ನುತ್ತದೆ. ಆ ಬೀಜದಲ್ಲಿ ಕೊಬ್ಬು ಹೆಚ್ಚು, ಸುಣ್ಣದಂಶ ಕಡಿಮೆ, ಎ ಜೀವಸತ್ವ ಇಲ್ಲವೆಂದೇ ಹೇಳಬೇಕು. ರಕ್ತದಲ್ಲಿ ಸುಣ್ಣದಂಶ ಕುಸಿಯುವ ತೊಂದರೆ ಬೂದು ಗಿಳಿಗೆ ಉಳಿದ ಗಿಳಿಗಳಿಗಿಂತ ಹೆಚ್ಚು. ಕರು ಹಾಕಿದ ಹಸು ಹಾಲುಜ್ವರದಿಂದ ಮಲಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಕ್ಕಿ ಆಯ ತಪ್ಪಿ ಕೋಲಿನಿಂದ ಬೀಳುತ್ತದೆ, ಸೆಟೆದುಕೊಂಡು ನಡುಗುತ್ತದೆ. ಅಪಸ್ಮಾರವೆಂದು ಭಾವಿಸಿ ಕಾಯುತ್ತ ಕೂರದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಗಿಳಿಗಳಿಗೆಂದೇ ತಯಾರಿಸಿದ ಗುಳಿಗೆ ಆಹಾರ, ಅಂದರೆ ಪೆಲೆಟ್, ಊಟದ ಅರ್ಧಕ್ಕಿಂತ ಹೆಚ್ಚು ಇರಲಿ. ಉಳಿದದ್ದು ಹಿತ್ತಿಲಿನಿಂದಲೇ ಒದಗುತ್ತದೆ. ನುಗ್ಗೆ ಸೊಪ್ಪು ಎಲ್ಲಕ್ಕಿಂತ ಮೇಲು. ಹರಿವೆ, ಬಸಳೆಯಲ್ಲೂ ಸುಣ್ಣದಂಶ ಇದ್ದರೂ ಅದು ಮೈಗೆ ಅಷ್ಟಾಗಿ ಹಿಡಿಯುವುದಿಲ್ಲ. ಚೀನಿಕಾಯಿ, ಕ್ಯಾರೆಟ್, ಒಳಗೆ ಕೇಸರಿ ಬಣ್ಣವಿರುವ ಗೆಣಸು, ಪಪ್ಪಾಯಿ ಇವುಗಳಿಂದ ಎ ಜೀವಸತ್ವ. ಮೊಳಕೆ ಬಂದ ಹೆಸರು, ಬೇಯಿಸಿದ ಕಡಲೆ ಕೊಡಬಹುದು. ಗಾಂಧಾರಿ ಮೆಣಸನ್ನು ಕಣ್ಣಲ್ಲಿ ನೀರಿಲ್ಲದೆ ತಿಂದೀತು, ಹಕ್ಕಿಗಳಿಗೆ ಖಾರ ತಾಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಸಿಗುವ ಬಿಳಿಯ ಚಿಪ್ಪನ್ನು ಗೂಡಿಗೆ ಕಟ್ಟಿದರೆ ಕೆರೆದು ತಿನ್ನುತ್ತದೆ. ಸುಣ್ಣ ಮೈಗೆ ಹಿಡಿಯಬೇಕಾದರೆ ಬಿಸಿಲೂ ಬೇಕು: ಬೆಳಗಿನ ಎಳೆ ಬಿಸಿಲಿನಲ್ಲಿ ಅರ್ಧ ಗಂಟೆ, ಪಕ್ಕದಲ್ಲಿ ಸರಿದು ಕೂರಲು ನೆರಳು ಇರುವಂತೆ. ಗಾಜಿನ ಕಿಟಕಿಯ ಮೂಲಕ ಬಂದ ಬಿಸಿಲಿನಿಂದ ಪ್ರಯೋಜನವಿಲ್ಲ.

ಬಟರ್ ಫ್ರೂಟ್ ವಿಷ. ಚಾಕಲೇಟು, ಕಾಫಿ, ಚಹಾ, ಮದ್ಯ, ಉಪ್ಪು ಹಾಕಿದ ಕುರುಕಲು ಬೇಡ. ಎಲೆ ಅಡಿಕೆಯ ತಟ್ಟೆ, ಹೊಗೆಸೊಪ್ಪು ಎಟುಕದಂತೆ ಇರಲಿ.

ಮಳೆಗಾಲ, ಹೊಗೆ, ಮದ್ದು

ನಮ್ಮ ಜೂನ್ ತಿಂಗಳ ಥಂಡಿ ಮಳೆಕಾಡಿನ ಹಕ್ಕಿಗೆ ಹೊಸತಲ್ಲ. ಆದರೆ ಮಳೆಗಾಲದಲ್ಲಿ ನೆಲಗಡಲೆಗೆ ಹಿಡಿಯುವ ಬೂಷ್ಟು ಹಕ್ಕಿಯ ಪಿತ್ತಕೋಶವನ್ನು ಕೆಡಿಸುತ್ತದೆ, ಗೂಡಿನ ತಳದಲ್ಲಿ ಒದ್ದೆಯಾಗಿ ಉಳಿದ ಎಂಜಲಿನ ಬೂಷ್ಟು ಶ್ವಾಸಕೋಶವನ್ನು ಕೆಡಿಸುತ್ತದೆ. ದಿನವೂ ತಳದ ಕಾಗದ ಬದಲಿಸಬೇಕು. ಕಡಲೆಯನ್ನು ಮನುಷ್ಯರು ತಿನ್ನುವ ದರ್ಜೆಯದೇ ತಂದು, ಹುರಿದು, ಡಬ್ಬಿಯಲ್ಲಿ ಮುಚ್ಚಿಡುವುದು ಲೇಸು.

ಹಕ್ಕಿಯ ಶ್ವಾಸಕ್ಕೆ ಹೊಗೆ ಆಗದು. ಬಚ್ಚಲ ಒಲೆ, ಕೊಬ್ಬರಿ ಒಣಗಿಸುವ ಅಟ್ಟ, ಸೊಳ್ಳೆ ಬತ್ತಿ ಎಲ್ಲದರಿಂದಲೂ ದೂರ ಇಡಿ. ಕಣ್ಣಿಗೆ ಕಾಣದ ಇನ್ನೊಂದು ಅಪಾಯ ನಾನ್‌ಸ್ಟಿಕ್ ಬಾಣಲೆ. ಅದನ್ನು ಒಲೆಯ ಮೇಲೆ ಮರೆತು ಅತಿಯಾಗಿ ಕಾದರೆ ಹೊರಡುವ ಆವಿಗೆ ಪಕ್ಕದ ಕೋಣೆಯ ಗಿಳಿ ನಿಮಿಷಗಳಲ್ಲಿ ಸಾಯಬಹುದು. ಅಡಿಕೆಗೆ ಬೋರ್ಡೋ ಮದ್ದು ಬಿಡುವ ದಿನ ಗೂಡನ್ನು ಒಳಗಿಟ್ಟು ಕಿಟಕಿ ಮುಚ್ಚಬೇಕು. ಮದ್ದು ಬಿಟ್ಟ ತೋಟದ ಹಾಳೆ, ಕೊಂಬೆ, ಸೊಪ್ಪು ಯಾವುದನ್ನೂ ಹಕ್ಕಿಗೆ ಕೊಡಕೂಡದು. ಮೈಲುತುತ್ತು ಕೊಕ್ಕಿನ ಮೂಲಕ ಹೊಟ್ಟೆ ಸೇರುತ್ತದೆ.

ಗೂಡು ಕನಿಷ್ಠ ಮೂರಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ ಇರಲಿ, ಸರಳುಗಳ ನಡುವೆ ಒಂದಿಂಚಿಗಿಂತ ಹೆಚ್ಚು ಸಂದು ಬೇಡ. ವೆಲ್ಡಿಂಗ್ ಶಾಪಿನಲ್ಲಿ ಅಗ್ಗಕ್ಕೆ ಮಾಡಿಸುವ ಜಿ.ಐ. ಬಲೆಯ ಗೂಡಿನ ಸತುವನ್ನು ಗಿಳಿ ಕಚ್ಚಿ ನುಂಗಿದರೆ ಅದೂ ವಿಷವೇ. ಕೂರುವ ಕೋಲು ಒಂದೇ ದಪ್ಪದ ನುಣುಪು ಪೈಪು ಆಗಿರದೆ ಏರುಪೇರಿನ ಮರದ ಕೊಂಬೆಯಾಗಿದ್ದರೆ ಪಾದಕ್ಕೆ ಹುಣ್ಣಾಗದು. ರಾತ್ರಿ ಗೂಡನ್ನು ಜಗಲಿಯಲ್ಲಿ ಬಿಡಬೇಡಿ. ಹಾವು, ಬೆಕ್ಕು, ಇಲಿಗಳ ವಿಷಯ ಕೋಳಿ ಸಾಕಿದವರಿಗೆ ತಿಳಿಯದ್ದಲ್ಲ.

ಹಾರಿ ಹೋಗುವ ಭಯವೂ ಉಂಟು. 2022ರಲ್ಲಿ ತುಮಕೂರಿನ ಒಂದು ಮನೆಯ ಬೂದು ಗಿಳಿ ಹಾರಿಹೋಗಿ, ಮನೆಯವರು ಊರೆಲ್ಲ ಭಿತ್ತಿಪತ್ರ ಅಂಟಿಸಿ ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಬಹುಮಾನ ಸಾರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಹಕ್ಕಿ ಸಿಕ್ಕಿತು, ಸಂತೋಷದಲ್ಲಿ 85 ಸಾವಿರ ಕೊಟ್ಟರು. ಎಲ್ಲರ ಗಿಳಿಯೂ ಹಾಗೆ ಮರಳುವುದಿಲ್ಲ. ಗರುಡ, ಕಾಗೆಗಳಿರುವ ನಮ್ಮ ಬಯಲಿನಲ್ಲಿ ಅದಕ್ಕೆ ಹೊಟ್ಟೆ ಹೊರೆಯುವ ವಿದ್ಯೆಯೂ ತಿಳಿಯದು.

ಕೊಳ್ಳುವಾಗ

ಸುಮಾರು 40 ವರ್ಷಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಬೂದು ಗಿಳಿಗಳನ್ನು ಆಫ್ರಿಕದ ಕಾಡುಗಳಿಂದ ಹಿಡಿದು ಮಾರಲಾಯಿತು. ಬಲೆಯಲ್ಲೂ ಪೆಟ್ಟಿಗೆಯಲ್ಲೂ ಸತ್ತವು ಈ ಲೆಕ್ಕಕ್ಕೆ ಸೇರಿಲ್ಲ. ಘಾನಾದಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಅಳಿದಿವೆ. 2016ರಲ್ಲಿ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಸದಸ್ಯ ದೇಶಗಳು ಇದನ್ನು ಅತ್ಯಂತ ಬಿಗಿಯಾದ ಮೊದಲ ಪಟ್ಟಿಗೆ ಸೇರಿಸಿದವು. 2017ರಿಂದ ಕಾಡಿನ ಹಕ್ಕಿಯ ವ್ಯಾಪಾರ ನಿಷಿದ್ಧ. ಗಲ್ಫಿನಿಂದ ಬರುವವರು ಪ್ರಯಾಣದ ಸಾಮಾನಿನ ಜತೆ ಗಿಳಿ ತರಲು ಅವಕಾಶವಿಲ್ಲ.

ನಮ್ಮ ದೇಶದಲ್ಲೇ ಮರಿ ಮಾಡಿದ ಹಕ್ಕಿಯನ್ನು ಕೊಂಡರೂ ನೋಂದಣಿ ಕಡ್ಡಾಯ. 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನಿಯಮಗಳ ಪ್ರಕಾರ, ಇಂಥ ಹಕ್ಕಿ ಕೈಗೆ ಬಂದ 30 ದಿನಗಳೊಳಗೆ ಕೇಂದ್ರ ಸರಕಾರದ ಪರಿವೇಶ್ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ವರದಿ ಮಾಡಬೇಕು. ಮಾರುವವರ ಹೆಸರಿನ ನೋಂದಣಿ ಪತ್ರ, ರಶೀದಿ, ಹಕ್ಕಿಯ ಕಾಲಿನ ಉಂಗುರದ ಸಂಖ್ಯೆ ಮೂರನ್ನೂ ತಾಳೆ ನೋಡಿ. ಬೆಸುಗೆಯಿಲ್ಲದ ಇಡೀ ಉಂಗುರವನ್ನು ಎಳೆಯ ಮರಿಯ ಕಾಲಿಗೆ ಮಾತ್ರ ತೊಡಿಸಲು ಸಾಧ್ಯ. ಸಾಕಣೆಯಲ್ಲಿ ಹುಟ್ಟಿದ್ದಕ್ಕೆ ಅದು ಒಂದು ಗುರುತು. ಕಾಗದ ಆಮೇಲೆ ಕಳಿಸುತ್ತೇನೆ ಎಂದರೆ ಹಣವನ್ನೂ ಆಮೇಲೆ ಕೊಡಿ.

ಗುಟುಕು ಬಿಡದ ಮರಿಯನ್ನು ಅಗ್ಗಕ್ಕೆ ಕೊಡುವುದುಂಟು. ಕೈಯಲ್ಲಿ ಗುಟುಕು ಕೊಟ್ಟರೆ ಹೆಚ್ಚು ಹೊಂದಿಕೊಳ್ಳುತ್ತದೆ ಎಂದು ಪುಸಲಾಯಿಸುತ್ತಾರೆ. ನಂಬಬೇಡಿ. ಆಹಾರ ತುಸು ಬಿಸಿಯಾದರೆ ಗಂಟಲ ಚೀಲ ಸುಡುತ್ತದೆ, ದಾರಿ ತಪ್ಪಿ ಶ್ವಾಸನಾಳಕ್ಕೆ ಹೋದರೆ ಮರಿ ಸಾಯುತ್ತದೆ.

ಹಸುವಿನ ವೈದ್ಯರೆಲ್ಲರಿಗೂ ಗಿಳಿಯ ಅಭ್ಯಾಸ ಇರುವುದಿಲ್ಲ. ಮಂಗಳೂರಿನಲ್ಲಿ ಹಕ್ಕಿಗಳನ್ನು ನೋಡುವ ಪಶುವೈದ್ಯರು ಯಾರೆಂದು ಕೊಳ್ಳುವ ಮೊದಲೇ ವಿಚಾರಿಸಿ ಇಡಿ. ಕಾಯಿಲೆಯನ್ನು ಅಡಗಿಸುವುದು ಹಕ್ಕಿಯ ಗುಣ. ಗರಿ ಉಬ್ಬಿಸಿ ಕುಳಿತದ್ದು ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಆದುದರಿಂದ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತರಲ್ಲಿ ಒಂದು ಪಾಲು ಇಳಿದರೆ ತಡಮಾಡಬಾರದು. ಹಕ್ಕಿಯ ಮೈಯಿಂದ ಬಿಳಿ ಹುಡಿ ಉದುರುತ್ತಿರುತ್ತದೆ. ಉಬ್ಬಸ ಇರುವವರ ಮನೆಗೆ ಈ ಹಕ್ಕಿ ಒಗ್ಗದು. ಗಿಳಿಯಿಂದ ಮನುಷ್ಯರಿಗೆ ಹರಡುವ ಜ್ವರವೂ ಒಂದು ಉಂಟು. ಮನೆಯಲ್ಲಿ ಬಿಡದ ಜ್ವರ, ಕೆಮ್ಮು ಬಂದರೆ ಗಿಳಿ ಇದೆಯೆಂಬುದನ್ನು ಡಾಕ್ಟರರಿಗೆ ಹೇಳತಕ್ಕದ್ದು.

ಈಗಾಗಲೇ ಗಿಳಿ ಇದ್ದು ನೋಡಿಕೊಳ್ಳುವ ಶಕ್ತಿ ಕುಂದಿದ ಹಿರಿಯರು ಅದನ್ನು ಹಾರಿಬಿಡಬಾರದು. ನಂಟರಲ್ಲೋ ನೆರೆಯಲ್ಲೋ ಹೊತ್ತು ಕೊಡಬಲ್ಲವರನ್ನು ಗುರುತಿಸಿ, ಕೆಲವು ವಾರ ಅವರೇ ಬಂದು ತಿನ್ನಿಸುವಂತೆ ಮಾಡಿ, ನೋಂದಣಿಯ ವರ್ಗಾವಣೆ ಮುಗಿಸಿ ಕೊಡುವುದು ಕ್ರಮ. ಅದು ತಿನ್ನುವ ವಸ್ತುಗಳು, ಮಲಗುವ ಹೊತ್ತು, ಹೆದರುವ ಸದ್ದು, ಕರೆಯುವ ಹೆಸರುಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೂಡಿನ ಜತೆ ಕಳಿಸಿ.